200 ಗಂಟೆಯ ಕೋರ್ಸ್ ಮುಗಿಸಿದರೆ ಯೋಗ ಟೀಚರ್ ಆಗಬಹುದಾ? ಸರ್ಟಿಫಿಕೇಟ್ ಇಲ್ಲದೆ ಕಲಿಸುವಂತಿಲ್ಲವೇ?

ಆಗಬಹುದು. ನಮ್ಮ ದೇಶದಲ್ಲಿ ಮನೆಯಲ್ಲೋ ಪಾರ್ಕಿನಲ್ಲೋ ಯೋಗ ಹೇಳಿಕೊಡಲು ವೈದ್ಯರಿಗೆ ಬೇಕಾದಂಥ ಲೈಸೆನ್ಸ್ ಏನೂ ಬೇಕಿಲ್ಲ. ಸರ್ಟಿಫಿಕೇಟ್ ಕೇಳುವವರು ಕೆಲಸ ಕೊಡುವವರು: ಜಿಮ್, ಶಾಲೆ, ರೆಸಾರ್ಟ್. ಹಾಗಾಗಿ ಎಲ್ಲಿ ಕಲಿಸಬೇಕು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಕೋರ್ಸ್ ಹುಡುಕಿ.

ಗೊಂದಲ ಯಾಕೆ ಅಂದರೆ, ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ವಿದೇಶದಲ್ಲಿ ಜಾಸ್ತಿ ಕೇಳಿಬರುವ ಯೋಗ ಅಲೈಯನ್ಸ್ ಅಮೆರಿಕದ ಖಾಸಗಿ ಸಂಸ್ಥೆ; ನೀವು ಕೇಳಿದ 200 ಗಂಟೆಯ ಲೆಕ್ಕ ಅದರದ್ದೇ. ಅದು ನಿಮ್ಮನ್ನು ಕೂರಿಸಿ ಪರೀಕ್ಷೆ ಮಾಡುವುದಿಲ್ಲ. ತರಬೇತಿ ಶಾಲೆಯ ಪಠ್ಯಕ್ರಮ ನೋಡಿ ಶಾಲೆಯನ್ನು ನೋಂದಾಯಿಸುತ್ತದೆ. ಅಲ್ಲಿ ಕಲಿತವರು ಶುಲ್ಕ ಕಟ್ಟಿ ಹೆಸರು ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಅದಕ್ಕೇ ಒಂದೇ ಸರ್ಟಿಫಿಕೇಟ್ ಇರುವ ಇಬ್ಬರು ಟೀಚರ್‌ಗಳ ನಡುವೆ ಅಜಗಜಾಂತರ ಇರಬಹುದು.

ನಮ್ಮ ಆಯುಷ್ ಸಚಿವಾಲಯದ ಅಡಿಯಲ್ಲಿರುವ ಯೋಗ ಸರ್ಟಿಫಿಕೇಶನ್ ಬೋರ್ಡ್ ದಾರಿ ಬೇರೆ. ಇಲ್ಲಿ ಅಭ್ಯರ್ಥಿಗೇ ಪರೀಕ್ಷೆ: ಬರವಣಿಗೆಯೂ ಉಂಟು, ಆಸನ ಮಾಡಿ ತೋರಿಸುವುದು, ಪಾಠ ಮಾಡಿ ತೋರಿಸುವುದೂ ಉಂಟು. ಆರಂಭದ ಹಂತಗಳಲ್ಲಿ ಒಂದರ ಹೆಸರು ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್.

ಮೈಸೂರಿನ ಅಷ್ಟಾಂಗ ಪರಂಪರೆಯಲ್ಲಂತೂ ಗಂಟೆ ಲೆಕ್ಕವೇ ಇಲ್ಲ. ವರ್ಷಗಟ್ಟಲೆ ಬಂದು ಕಲಿತವರಿಗೆ ಗುರುಗಳೇ ಕಲಿಸಲು ಅನುಮತಿ ಕೊಡುವುದು ಅಲ್ಲಿನ ರೂಢಿ.

ಇಲ್ಲೇ ಕೆಲಸ ಮಾಡುವುದಾದರೆ ನಾನು ಬೋರ್ಡ್ ಪರೀಕ್ಷೆಯನ್ನೇ ಹೇಳುತ್ತೇನೆ. ಕೋರ್ಸ್ ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸುತ್ತೀರಾ, ಸುಮ್ನೆ ವಿಡಿಯೋ ತೋರಿಸುತ್ತೀರಾ? ಮಂಡಿ ನೋವಿರುವವರು ಎದುರಿಗೆ ನಿಂತಾಗ ಏನು ಮಾಡಬೇಕು ಅನ್ನುವುದು ವಿಡಿಯೋ ನೋಡಿ ಬರುವುದಿಲ್ಲ.