ಕೈಯನ್ನು ಜೇಬಿನಿಂದ ಹೊರಗೆ ತೆಗೆಯಿರಿ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು, ವಯಸ್ಸು 24. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅನಿಮೆ (ಜಪಾನಿ ಅನಿಮೇಷನ್) ಶೈಲಿಯ ಚಿತ್ರ ಬರೆಯುತ್ತೇನೆ. ಹೀಗೆ ಆರು ವರ್ಷ ಕಳೆಯಿತು. ಎಡಕ್ಕೆ ಸ್ವಲ್ಪ ತಿರುಗಿದ ಮುಖ ಚೆನ್ನಾಗಿ ಬರುತ್ತದೆ, ಬಲಕ್ಕೆ ತಿರುಗಿಸಿದರೆ ಬೇರೆ ಯಾರೋ ಆಗಿಬಿಡುತ್ತದೆ. ಬೆರಳು ಬರೆಯಲು ಬಾರದ ಕಾರಣ ನನ್ನ ಪಾತ್ರಗಳೆಲ್ಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತವೆ, ಇಲ್ಲವೇ ಜೇಬಿನಲ್ಲಿ ಇಟ್ಟುಕೊಂಡಿರುತ್ತವೆ. ಡ್ರಾಯಿಂಗ್ ಟ್ಯಾಬ್ಲೆಟ್ ಕೊಂಡರೆ ಸುಧಾರಿಸಬಹುದೇ? ‘ಆ ಜಪಾನಿನ ಬೊಂಬೆಗಳನ್ನು ಬಿಟ್ಟು ನಿಜವಾದ ಚಿತ್ರ ಕಲಿ’ ಎನ್ನುತ್ತಾರೆ ಸೋದರಮಾವ. ಅವರ ಮಾತು ಸರಿಯೇ? ಮೂರು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ. ನಿಮ್ಮನ್ನು ನೆನೆದಲ್ಲ, ನನ್ನನ್ನೇ ನೆನೆದು. ಬೆಂಗಳೂರಿನ ಅನಿಮೇಷನ್ ಕಚೇರಿಯೊಂದಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಮನುಷ್ಯರೂ ಹೀಗೆಯೇ ಕೈಯನ್ನು ಜೇಬಿಗಿಳಿಸಿ ನಿಂತಿರುತ್ತಿದ್ದರು. ಒಂದು ವಾರ ಸುಮ್ಮನೆ ನೋಡಿದ ಹಿರಿಯ ಕಲಾವಿದರು ‘ನಿಮ್ಮ ಕಾಸರಗೋಡಿನಲ್ಲಿ ಅಷ್ಟೊಂದು ಚಳಿಯೇನಯ್ಯಾ?’ ಎಂದು ಕೇಳಿದರು. ಮರುದಿನದಿಂದ ಎಲ್ಲ ಪಾತ್ರಗಳಿಗೂ ಪಂಚೆ ಉಡಿಸಿದೆ. ಜೇಬಿಲ್ಲದ ಮೇಲೆ ಕೈ ಬರೆಯಲೇಬೇಕಾಯಿತು.

ಮೊದಲು ಸೋದರಮಾವನ ಮಾತು. ಅದು ಅರ್ಧ ಸರಿ. ಕಣ್ಣನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ತೋರಿಸುವುದು ಸುಳ್ಳು ಚಿತ್ರವಾದರೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಸುತ್ತಮುತ್ತ ಬೆಳಗಿನವರೆಗೆ ಕುಣಿಯುವ ಬಣ್ಣದ ವೇಷಗಳೂ ಸುಳ್ಳೇ ಆಗಬೇಕು. ಅವರು ಆಟಕ್ಕೆ ಹೋಗುವವರಾದರೆ ಇದನ್ನೇ ಹೇಳಿ ನೋಡಿ. ಆದರೆ ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ಒಂದು ವಿಷಯ ಗಮನಿಸಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುವ ವೇಷಧಾರಿಗೆ ತನ್ನ ಹುಬ್ಬಿನ ಎಲುಬು ಎಲ್ಲಿ ಎದ್ದಿದೆ, ಕೆನ್ನೆ ಎಲ್ಲಿ ತಗ್ಗಿದೆ ಎಂಬುದು ಬೆರಳಿನ ತುದಿಗೆ ಗೊತ್ತಿರುತ್ತದೆ. ಬಣ್ಣ ಎಷ್ಟು ಅತಿಯಾದರೂ ಅದು ಕುಳಿತಿರುವುದು ನಿಜವಾದ ಮುಖವೊಂದರ ಮೇಲೆ. ನಿಮ್ಮ ಮೂರು ಚಿತ್ರಗಳಲ್ಲೂ ಬಣ್ಣವಿದೆ, ಅದರ ಕೆಳಗಿನ ಮುಖ ಇಲ್ಲ. ಆರು ವರ್ಷದಿಂದ ನೀವು ಒಂದೇ ಮುಖದ ಗೆರೆಗಳನ್ನು ಸಹಿ ಹಾಕಿದ ಹಾಗೆ ಹಾಕುತ್ತಾ ಬಂದಿದ್ದೀರಿ. ಸಹಿ ಎಷ್ಟೇ ಸುಂದರವಾಗಿರಲಿ, ಬಲದಿಂದ ಎಡಕ್ಕೆ ಹಾಕಿ ಎಂದರೆ ಯಾರಿಗೂ ಬಾರದು.

ಅನಿಮೆಯ ಗೆರೆ ಕಡಿಮೆಯಾಗಿರುವುದಕ್ಕೆ ಕಾರಣವೂ ಇದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಟಿವಿ ಅನಿಮೆಯಲ್ಲಿ ಒಂದೊಂದು ಚಿತ್ರವನ್ನು ಎರಡು ಮೂರು ಚೌಕಟ್ಟು ನಿಲ್ಲಿಸಿ, ಸೆಕೆಂಡಿಗೆ 8 ಅಥವಾ 12 ಚಿತ್ರಗಳಲ್ಲಿ ಮುಗಿಸುವುದು ರೂಢಿ. ಹಾಗೆ ಮಾಡಿದರೂ ಒಂದು ಕಂತಿಗೆ ಸಾವಿರಾರು ಚಿತ್ರಗಳು ಬೇಕು. ಮೂಗಿಗೆ ಒಂದು ಗೆರೆ ಹೆಚ್ಚಾದರೆ ಅದನ್ನು ಸಾವಿರ ಸಲ ಬರೆಯಬೇಕು. ಹಾಗಾಗಿ ಮೂಗು ಒಂದು ಚುಕ್ಕೆಯಾಯಿತು. ಆ ಚುಕ್ಕೆ ಎಲ್ಲಿ ಬೀಳಬೇಕು ಎಂಬುದನ್ನು ತೀರ್ಮಾನಿಸುವವರಿಗೆ ಮಾತ್ರ ಪೂರ್ತಿ ಮೂಗು ಗೊತ್ತಿರಬೇಕು.

ಈಗ ಬಲಕ್ಕೆ ತಿರುಗದ ಮುಖ. ಬಲಗೈಯಲ್ಲಿ ಬರೆಯುವವರಿಗೆ ಎಡಕ್ಕೆ ನೋಡುವ ಮುಖ ಸುಲಭ, ಏಕೆಂದರೆ ಮಣಿಕಟ್ಟು ತಾನಾಗಿ ಆ ಬಾಗಿಗೆ ಹೊರಳುತ್ತದೆ. ಇದಕ್ಕೆ ಮದ್ದು ನಿಮ್ಮ ಅಡುಗೆಮನೆಯಲ್ಲಿದೆ. ಸುಲಿದ ತೆಂಗಿನಕಾಯಿ ಒಂದನ್ನು ತೆಗೆದುಕೊಂಡು ಸುಣ್ಣದ ಕಡ್ಡಿಯಿಂದ ಅದರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಸೊಂಟಕ್ಕೆ ಸುತ್ತ ಅಡ್ಡವಾಗಿ ಇನ್ನೊಂದು ಗೆರೆ ಎಳೆಯಿರಿ. ಅಡ್ಡಗೆರೆ ಕಣ್ಣಿನ ಸಾಲು, ನೆಟ್ಟಗಿನದು ಮೂಗಿನ ಸಾಲು. ಕಾಯಿಯನ್ನು ಬಲಕ್ಕೆ, ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ತಿರುಗಿಸಿಟ್ಟು ದಿನಕ್ಕೆ ಹತ್ತು ಸಲ ಆ ಎರಡು ಗೆರೆಗಳನ್ನು ಮಾತ್ರ ಬರೆಯಿರಿ. ಕಣ್ಣು, ಕೂದಲು ಏನೂ ಬೇಡ. ತಲೆ ತಗ್ಗಿಸಿದರೆ ಅಡ್ಡಗೆರೆ ಕೆಳಕ್ಕೆ ಬಾಗುತ್ತದೆ, ಎತ್ತಿದರೆ ಮೇಲಕ್ಕೆ ಬಿಲ್ಲಾಗುತ್ತದೆ. ನಿಮ್ಮ ಚಿತ್ರಗಳಲ್ಲಿ ಅದು ಸ್ಕೇಲು ಹಿಡಿದ ಹಾಗೆ ನೇರವಾಗಿದೆ. ಕಣ್ಣುಗಳು ಮುಖಕ್ಕೆ ಅಂಟಿಸಿದ ಚೀಟಿಗಳಂತೆ ಕಾಣುವುದು ಅದಕ್ಕೇ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ಲೂಮಿಸ್ ತಲೆಯನ್ನು ಚೆಂಡಿನಿಂದ ಆರಂಭಿಸಲು ಕಲಿಸಿದ್ದೂ ಇದೇ ಕಾರಣಕ್ಕೆ. ನಮ್ಮೂರಲ್ಲಿ ತೆಂಗಿನಕಾಯಿ ಸಾಕು.

ಈ ಎರಡು ಗೆರೆ ಕೈಗೆ ಬಂದ ಮೇಲೆ ಕಣ್ಣು ಇಡಿ. ಕನ್ನಡಿಯ ಮುಂದೆ ಅಳೆದು ನೋಡಿ: ನೆತ್ತಿಗೂ ಗದ್ದಕ್ಕೂ ಸರಿಯಾಗಿ ಅರ್ಧದಲ್ಲಿ ನಿಮ್ಮ ಕಣ್ಣುಗಳಿರುತ್ತವೆ. ಅನಿಮೆ ಅದನ್ನು ಅರ್ಧಕ್ಕಿಂತ ಕೆಳಗಿಳಿಸಿ ಹಣೆಯನ್ನು ದೊಡ್ಡದು ಮಾಡುತ್ತದೆ, ಮುಖ ಎಳೆಯದಾಗಿ ಕಾಣುವ ಗುಟ್ಟು ಅಲ್ಲಿದೆ. ಮುಕ್ಕಾಲು ತಿರುಗಿದ ಮುಖದಲ್ಲಿ ಆಚೆ ಬದಿಯ ಕಣ್ಣಿನ ಅಗಲ ಕುಗ್ಗುತ್ತದೆ, ಎತ್ತರ ಕುಗ್ಗುವುದಿಲ್ಲ. ಆಚೆ ಬದಿಯ ಕೆನ್ನೆಯ ಹೊರಗೆರೆ ಕಣ್ಣಿನ ಮಟ್ಟದಲ್ಲಿ ಸ್ವಲ್ಪ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಗಿರಲಿ. ಬೆಳಕು ಬರುವುದು ಒಂದೇ ಕಿಟಕಿಯಿಂದ ಅಲ್ಲವೇ? ಬರೆದು ಮುಗಿಸಿದ ಹಾಳೆಯನ್ನು ತಿರುವಿ, ದೀಪಕ್ಕೆ ಹಿಡಿದು ಹಿಂದಿನಿಂದ ನೋಡಿ. ಮುಖ ಎಷ್ಟು ಓರೆಯಾಗಿದೆ ಎಂದು ನೋಡಿ ನಿಮಗೇ ನಾಚಿಕೆಯಾಗುತ್ತದೆ. ನನಗೆ ಈಗಲೂ ಆಗುತ್ತದೆ.

ಕೈಗೆ ಬರೋಣ. ಖಾಲಿ ಕೈಯನ್ನು ಬರೆಯಬೇಡಿ, ಏನನ್ನಾದರೂ ಹಿಡಿದ ಕೈಯನ್ನು ಬರೆಯಿರಿ. ಚಾಚಿದ ಬೆರಳು ಎಲ್ಲಿ ಬೇಕಾದರೂ ಇರಬಹುದು, ಲೋಟ ಹಿಡಿದ ಬೆರಳಿಗೆ ಲೋಟ ಇರುವಲ್ಲಿಯೇ ಜಾಗ. ಮೊದಲು ಅಂಗೈಯನ್ನು ಒಂದು ದಪ್ಪ ಹಲಗೆಯ ತುಂಡಿನಂತೆ ಬರೆದುಕೊಳ್ಳಿ. ನಾಲ್ಕು ಬೆರಳುಗಳ ಬುಡದ ಗೆಣ್ಣುಗಳು ಒಂದು ಕಮಾನಿನ ಮೇಲೆ ಕುಳಿತಿವೆ, ನೇರ ಸಾಲಿನಲ್ಲಿ ಅಲ್ಲ. ಹೆಬ್ಬೆರಳು ಆ ಗುಂಪಿಗೆ ಸೇರಿದ್ದೇ ಅಲ್ಲ, ಅದಕ್ಕೆ ಮಣಿಕಟ್ಟಿನ ಹತ್ತಿರ ಬೇರೆಯೇ ಬುಡವಿದೆ. ನಿಮ್ಮ ಎಡಗೈ ದುಡ್ಡು ಕೇಳದೆ, ಬೇಸರಿಸದೆ ಕೂರುವ ಮಾದರಿ. ಅಂಗಡಿಯಲ್ಲಿ ನೋಟು ಎಣಿಸುವ ಕೈ, ಅಡಿಕೆ ಸುಲಿಯುವ ಕೈ, ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವ ಕೈ, ಇಷ್ಟನ್ನು ಬರೆದವರಿಗೆ ಕತ್ತಿ ಹಿಡಿದ ಅನಿಮೆ ನಾಯಕಿಯ ಕೈ ದೊಡ್ಡ ವಿಷಯವಲ್ಲ.

ನಿಮ್ಮ ಪಾತ್ರಗಳು ನಿಂತಲ್ಲಿಯೇ ನಿಂತಿವೆ ಎಂಬುದನ್ನು ನೀವು ಬರೆಯಲಿಲ್ಲ, ನಾನೇ ಹೇಳುತ್ತೇನೆ. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಒಂದು ಸಣ್ಣ ನೋಟುಪುಸ್ತಕ, ಒಂದು ಪೆನ್ನು ಹಿಡಿದು ಆಟಕ್ಕೆ ಹೋಗಿ. ರಬ್ಬರು ಮನೆಯಲ್ಲಿರಲಿ. ಒಂದು ಭಂಗಿಗೆ ಅರ್ಧ ನಿಮಿಷ. ತಲೆಯಿಂದ ನೆಲಕ್ಕೆ ಒತ್ತಿ ನಿಂತ ಕಾಲಿನವರೆಗೆ ಒಂದೇ ಬಾಗುಗೆರೆ, ಆಮೇಲೆ ಭುಜದ ಓರೆ, ಸೊಂಟದ ಓರೆ, ಅಷ್ಟೇ. ದಿಗಿಣ ಹಾರುವಾಗ ಬರೆಯಲಾಗುವುದಿಲ್ಲ, ನೋಡಿ ನೆನಪಿಟ್ಟುಕೊಂಡು ವೇಷ ನೆಲಕ್ಕೆ ಬಂದ ಮೇಲೆ ಬರೆಯಬೇಕು. ಮೊದಲ ಐವತ್ತು ಚಿತ್ರಗಳು ಕಾಗೆ ಕಾಲು, ಗುಬ್ಬಿ ಕಾಲು ಆಗುತ್ತವೆ, ಆಗಲಿ. ಉಡುಪಿಯ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರರು ನರ್ತಕರನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಅದಕ್ಕಾಗಿ ಅವರು ಕಥಕ್ ನೃತ್ಯವನ್ನೇ ಕಲಿತಿದ್ದರು. ನಿಮಗೆ ಅಷ್ಟು ಹೇಳುವುದಿಲ್ಲ, ಆದರೆ ಬರೆಯುವ ಭಂಗಿಯಲ್ಲಿ ಒಮ್ಮೆ ಎದ್ದು ನಿಂತು ನೋಡಿ. ಭಾರ ಯಾವ ಕಾಲಿನ ಮೇಲಿದೆ ಎಂದು ಮೊಣಕಾಲೇ ಹೇಳುತ್ತದೆ.

ಹಿನ್ನೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಂಜೆ ಕಣ್ವತೀರ್ಥದ ಸಮತಟ್ಟಾದ ಮರಳಿನ ಮೇಲೆ ನಿಲ್ಲಿ. ನಿಮ್ಮಷ್ಟೇ ಎತ್ತರದವರು ಹತ್ತಿರವಿರಲಿ ದೂರವಿರಲಿ, ಕಡಲಿನ ಅಂಚು ಅವರೆಲ್ಲರ ಕಣ್ಣಿನ ಮಟ್ಟದಲ್ಲೇ ಹಾದುಹೋಗುತ್ತದೆ. ಕುಳಿತರೆ ಅಂಚೂ ನಿಮ್ಮೊಡನೆ ಕೆಳಗಿಳಿದು ಅವರ ತೊಡೆಯ ಆಸುಪಾಸಿಗೆ ಬರುತ್ತದೆ, ಬೇಕಲ ಕೋಟೆಯ ಬುರುಜು ಹತ್ತಿದರೆ ನಿಮ್ಮೊಡನೆ ಮೇಲೇರಿ ಎಲ್ಲರ ತಲೆಯನ್ನೂ ದಾಟುತ್ತದೆ. ಪರ್ಸ್ಪೆಕ್ಟಿವ್ ಎಂದು ಪುಸ್ತಕಗಳಲ್ಲಿ ಹೆದರಿಸುವುದರ ಮುಕ್ಕಾಲು ಪಾಲು ಇಷ್ಟೇ.

ಟ್ಯಾಬ್ಲೆಟ್ ಈಗ ಬೇಡ. ಗೆರೆಯ ನಡುಕವನ್ನು ತಾನೇ ಸರಿಪಡಿಸುವ ಸ್ಟೆಬಿಲೈಸರ್ ಸೌಲಭ್ಯ ಅದರ ತಂತ್ರಾಂಶಗಳಲ್ಲಿದೆ, ನಿಮ್ಮ ತೊಂದರೆ ನಡುಕವಲ್ಲ. ಬಣ್ಣ ಹಾಕುವ ಆಸೆಯಿದ್ದರೆ ಪೆನ್ಸಿಲ್ ಚಿತ್ರದ ಫೋಟೋ ತೆಗೆದು ಮೊಬೈಲಿನ ಐಬಿಸ್ ಪೇಂಟ್‌ನಲ್ಲಿ ಅದರ ಮೇಲೆ ಹೊಸ ಪದರ ಇಟ್ಟು ಹಾಕಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಉಚಿತ. ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಕಾಯಿ, ಕೈ, ಭಂಗಿ. ಉಳಿದ ಹದಿನೈದು ನಿಮಿಷ ನಿಮ್ಮ ಇಷ್ಟದ ಪಾತ್ರ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ಮೊಬೈಲಿನ ಪರದೆಯ ಮೇಲೆ ಕಾಗದವಿಟ್ಟು ಅನಿಮೆ ಚಿತ್ರಗಳನ್ನು ತೀಡುತ್ತಾನೆ. ಇದು ಮೋಸವಲ್ಲವೇ? (ಮಂಜೇಶ್ವರದ ತಂದೆಯೊಬ್ಬರು)

ಉತ್ತರ: ತೀಡಿದ್ದನ್ನು ತಾನೇ ಬರೆದದ್ದು ಎಂದು ಶಾಲೆಯ ಸ್ಪರ್ಧೆಗೆ ಕೊಟ್ಟರೆ ಮೋಸ. ಮನೆಯಲ್ಲಿ ತೀಡಿದರೆ ಅಲ್ಲ. ನಾವೆಲ್ಲ ಅಕ್ಷರ ಕಲಿತದ್ದು ತಿದ್ದಿಯೇ. ಒಂದು ಷರತ್ತು ಹಾಕಿ: ಒಮ್ಮೆ ತೀಡಿದ ಚಿತ್ರವನ್ನು ಮುಚ್ಚಿಟ್ಟು ನೆನಪಿನಿಂದ ಒಮ್ಮೆ ಬರೆಯಬೇಕು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ತಪ್ಪಿತೆಂದು ಅವನೇ ಗುರುತು ಹಾಕಬೇಕು. ಗುರುತು ಹಾಕುವ ಕೆಲಸವನ್ನು ನೀವು ಮಾಡಲು ಹೋಗಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಶಾಯಿ ಹಾಳೆಯ ಮೇಲೆ ಹರಡಿ ಗೆರೆಗೆ ಮೀಸೆ ಬಂದಂತಾಗುತ್ತದೆ. ಒಳ್ಳೆಯ ಪೆನ್ನು ಯಾವುದು? (ಮುಳ್ಳೇರಿಯದ ಓದುಗರು)

ಉತ್ತರ: ಪೆನ್ನಿನ ಮೇಲೆ ತಪ್ಪು ಹೊರಿಸಬೇಡಿ, ತಪ್ಪು ಕಾಗದದ್ದು. ನಮ್ಮ ಜೂನ್, ಜುಲೈ ತಿಂಗಳುಗಳಲ್ಲಿ ಕಾಗದದ ನಾರು ಗಾಳಿಯ ತೇವ ಕುಡಿದು ಮೆತ್ತಗಾಗುತ್ತದೆ, ಶಾಯಿ ಆ ನಾರಿನ ಗುಂಟ ಓಡುತ್ತದೆ. ಜೆರಾಕ್ಸಿಗೆ ಬಳಸುವ 75 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಹಾಳೆಯನ್ನು ಕಚ್ಚಾ ಚಿತ್ರಕ್ಕೆ ಇಟ್ಟುಕೊಂಡು, ಶಾಯಿಗೆ 150 ಜಿಎಸ್‌ಎಂಗಿಂತ ಮೇಲಿನ ನುಣುಪು ಹಾಳೆ ತನ್ನಿ. ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟು, ಹಾಳೆಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಬರೆಯುವಾಗ ಕೈಯ ಕೆಳಗೆ ಇನ್ನೊಂದು ಕಾಗದ ಇರಲಿ, ಬೆವರು ತಾಗಿದ ಜಾಗದಲ್ಲಿಯೂ ಗೆರೆ ಒಡೆಯುತ್ತದೆ. ಪಿಗ್ಮೆಂಟ್ ಶಾಯಿಯ ಪೆನ್ನು ಕೊಂಡರೆ 0.1, 0.3, 0.5 ಎಂಬ ಮೂರು ಅಳತೆ ಸಾಕು. ಪೆನ್ಸಿಲಿನ ಗೆರೆಯನ್ನು ಅಳಿಸಲು ಬೇಸಿಗೆಗಿಂತ ಹೆಚ್ಚು ಹೊತ್ತು ಕಾಯಿರಿ. ಮಾಂಗಾ ಎಂಬ ಜಪಾನಿ ಚಿತ್ರಕಥೆ ಬರೆಯುವವರ ಜಿ-ಪೆನ್ ನಿಬ್ಬು ನಿಮ್ಮ ಬಳಿ ಇದ್ದರೆ ಕೆಲಸ ಮುಗಿದ ಕೂಡಲೇ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿಡಿ. ಮತ್ತೆ ಶಾಯಿಗೆ ಅದ್ದುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಶಾಯಿ ನಿಬ್ಬಿಗೆ ಹಿಡಿಯುವುದೇ ಇಲ್ಲ.