ಚಿಂದಿಯೂ ಕನ್ನಡವೇ, ಮೇಷ್ಟ್ರೇ

ಓದುಗರ ಪತ್ರ: ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪಿಯುಸಿ ಓದುವ ಮೊಮ್ಮಗ ಮೊನ್ನೆ ಅಜ್ಜಿ ಮಾಡಿದ ಹಲಸಿನ ಹಣ್ಣಿನ ಕಡುಬು ತಿಂದು ‘ಚಿಂದಿ ಗುರು!’ ಅಂದ. ಅಂದದ್ದು ನನಗೆ! ಹರಕು ಬಟ್ಟೆಗೂ ಕಡುಬಿಗೂ ಏನು ಸಂಬಂಧ? ‘ಸಕ್ಕತ್’, ‘ಮಗಾ’ ಇವೆಲ್ಲ ಕನ್ನಡವೇ? ನಮ್ಮ ಕಾಲದಲ್ಲಿ ಹೀಗೆ ಮಾತಾಡಿದ್ದರೆ ಅಪ್ಪ ಹಲ್ಲು ಉದುರಿಸುತ್ತಿದ್ದರು. ನಿಮ್ಮಂಥ ಪತ್ರಿಕೆಗಳಾದರೂ ಜರೂರಾಗಿ ಏನಾದರೂ ಮಾಡಬೇಕು.
– ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ದೋಸೆಗೂ ಸಕ್ಕತ್, ಜೋಗದ ಜಲಪಾತಕ್ಕೂ ಸಕ್ಕತ್, ಹೊಸ ಚಪ್ಪಲಿಗೂ ಸಕ್ಕತ್ ಅಂದರೆ ಕೇಳಿ ಕೇಳಿ ಬೇಜಾರಾಗುತ್ತದೆ. ನಿಜ. ಅದರಾಚೆಗೆ ನಾನು ನಿಮ್ಮ ಮೊಮ್ಮಗನ ಕಡೆ.

ಚಿಂದಿ ಹೊಗಳಿಕೆಯಾದದ್ದು ಹೇಗೆ ಎನ್ನುತ್ತೀರಿ. ದೀಪ ಆರಿಸಬೇಕಾದಾಗ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ‘ದೀಪ ದೊಡ್ಡದು ಮಾಡು’ ಅಂತಲ್ಲವೇ? ಹೊರಟು ನಿಂತು ‘ಹೋಗ್ತೀನಿ’ ಅಂದರೆ ನನ್ನಜ್ಜಿ ಹೊಸ್ತಿಲಲ್ಲೇ ತಡೆದು ‘ಬರ್ತೀನಿ ಅನ್ನೋ’ ಅಂತ ಗದರುತ್ತಿದ್ದಳು. ನಂದಿಸುವುದನ್ನು ದೊಡ್ಡದು ಮಾಡುವುದೆಂದೂ ಹೋಗುವುದನ್ನು ಬರುವುದೆಂದೂ ಹೇಳಿಕೊಂಡು ಬಂದ ಜನ ನಾವು. ಈಗ ಹುಡುಗನೊಬ್ಬ ಚಿಂದಿಯನ್ನು ತಿರುವಿ ಹಾಕಿದ ಅಂತ ಯಾಕೆ ಸಿಟ್ಟು? ಅದಿರಲಿ, ನಿಮ್ಮ ತಂದೆಯವರು ಒಟ್ಟು ಎಷ್ಟು ಹಲ್ಲು ಉದುರಿಸಿದ್ದರು?

‘ಸಕ್ಕತ್’ ಪಾರಸಿಯ ‘ಸಖ್ತ್’. ಉರ್ದು, ಹಿಂದಿಯಲ್ಲಿ ಅದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥ ಇಂದಿಗೂ ಇದೆ. ನಮ್ಮಲ್ಲಿಗೆ ಬಂದು ಮೆತ್ತಗಾಗಿ ಕಡುಬಿಗೂ ಒಗ್ಗಿತು. ಪರಭಾಷೆಯದು ಎಂದು ತಳ್ಳಿಹಾಕುವಿರಾದರೆ ನಿಮ್ಮ ಪತ್ರದ ‘ಜರೂರು’ ಕೂಡ ಅದೇ ದಾರಿಯಲ್ಲಿ ಬಂದದ್ದು. ಅದನ್ನು ಬರೆದ ‘ಕಾಗದ’ವೂ ಅಷ್ಟೇ.

ಇನ್ನು ‘ಮಗಾ’, ‘ಗುರು’. ಮೊದಲ ಕೆಲಸಕ್ಕೆಂದು ನಾನು ಹುಬ್ಬಳ್ಳಿಗೆ ಹೋದಾಗ ಎದುರು ಮೇಜಿನವರು ಬೆಳಗ್ಗೆ ಬೆಳಗ್ಗೆ ‘ಏನಲೇ, ಚಾ ಕುಡದ್ಯಾ?’ ಅನ್ನುತ್ತಿದ್ದರು. ಹಳೇ ಮೈಸೂರಿನ ಕಿವಿ ನನ್ನದು, ಅವಮಾನವಾಗಿ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು ‘ಚಾ ಕುಡೀತೀರೇನ್ರೀ?’ ಅಂದರು. ಸಂಭಾವಿತರಾದರು ಅಂದುಕೊಂಡೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂತ ಕಚೇರಿಯ ಹುಡುಗ ಬಿಡಿಸಿ ಹೇಳಬೇಕಾಯಿತು. ಮತ್ತೆ ‘ಏನಲೇ’ ಅನ್ನಿಸಿಕೊಳ್ಳಲು ನಾನೇ ನಾಲ್ಕು ಸಲ ಚಹಾ ಕುಡಿಸಿದೆ. ಮಂಗಳೂರಿನ ಕಡೆ ‘ಎಂತ ಸಾವು ಮಾರಾಯ’ ಅಂದರೆ ಯಾರೂ ಸತ್ತಿರುವುದಿಲ್ಲ, ಬಸ್ಸು ತಪ್ಪಿರುತ್ತದೆ.

ಇದು ಇವತ್ತಿನ ಗೋಳೂ ಅಲ್ಲ. ಸುಮಾರು 850ರ ‘ಕವಿರಾಜಮಾರ್ಗ’ವೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಹೇಳುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳಲ್ಲಿನ ದೋಷ ಇಷ್ಟೇ ಎಂದು ನಿಶ್ಚಯಿಸಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಅಂಥ ಸರ್ಪರಾಜನೇ ಕೈಚೆಲ್ಲುವ ಕೆಲಸವನ್ನು ನೀವು ವಾರಕ್ಕೊಮ್ಮೆ ಬರುವ ಪತ್ರಿಕೆಗೆ ಒಪ್ಪಿಸುತ್ತಿದ್ದೀರಿ!

ಕನ್ನಡ ಕೆಡುತ್ತಿರುವ ಜಾಗ ಬೇರೆ ಇದೆ, ಮೇಷ್ಟ್ರೇ. ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಆರು ವಾರದ ಮೇಲೆ ಉತ್ತರ ಬಂತು: ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಪರಿಶೀಲಿಸಿ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಒಂದು ಕಾಗುಣಿತದ ತಪ್ಪಿಲ್ಲ. ಯಾರು ಕೈಗೊಳ್ಳುತ್ತಾರೆ, ಯಾವಾಗ, ನೀರು ಬರುತ್ತದೋ ಇಲ್ಲವೋ, ಮೂರು ಸಲ ಓದಿದರೂ ತಿಳಿಯಲಿಲ್ಲ. ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ಅವನು ಒಂದೇ ಸಲ ಓದಿ, ‘ಕಾಗೆ ಹಾರಿಸ್ತಿದಾರೆ ಅಂಕಲ್’ ಅಂದ. ಟ್ಯಾಂಕರ್ ತರಿಸಿಕೊಂಡೆ.

ನಿಮ್ಮ ಪತ್ರವನ್ನು ನಮ್ಮ ಪುಟವಿನ್ಯಾಸದ ಹುಡುಗರೂ ಓದಿದರು. ಹಲ್ಲು ಉದುರಿಸುವ ಸಾಲಿಗೆ ಬಂದಾಗ ಒಬ್ಬ, ‘ಮೇಷ್ಟ್ರು ಚಿಂದಿ’ ಅಂದ. ಹಾಗೇ ತಿಳಿಸುತ್ತಿದ್ದೇನೆ.
– ಸಂ.