ಪಟ್ಟಿಗೆ ಸೇರಿದ ಮಹಲಿನ ಮರಗಳಿಗೂ ರಕ್ಷಣೆ ಇದೆಯೇ?

ಇಂಗ್ಲೆಂಡಿನ ಹಳ್ಳಿಗಾಡಿನ ಮಹಲೊಂದು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಆವರಣದ ಮರಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆಯೇ ಎಂಬುದು ಪ್ರಶ್ನೆ. ಸಿಗುವುದಿಲ್ಲ. ಪಟ್ಟಿಗೆ ಸೇರಿದ ಕಟ್ಟಡಗಳ ಕುರಿತಾದ 1990ರ ಕಾಯಿದೆಯ ಪ್ರಕಾರ ಆ ರಕ್ಷಣೆ ಕಟ್ಟಡಕ್ಕೆ, ಅದಕ್ಕೆ ಜೋಡಿಸಿದ ವಸ್ತುಗಳಿಗೆ ಹಾಗೂ 1948ರ ಜುಲೈ 1ಕ್ಕಿಂತ ಮೊದಲಿನಿಂದ ಆವರಣದಲ್ಲಿರುವ ಗೋಡೆ, ಕುದುರೆಲಾಯಗಳಂತಹ ರಚನೆಗಳಿಗೆ ಸಲ್ಲುತ್ತದೆ.

ಮರಗಳಿಗೆ ಬೇರೆಯೇ ನಿಯಮಗಳಿವೆ. ಸ್ಥಳೀಯ ಕೌನ್ಸಿಲ್ ಮರ ಸಂರಕ್ಷಣಾ ಆದೇಶ ಹೊರಡಿಸಿದ್ದರೆ, ಒಣಗಿದ ಕೊಂಬೆ ತೆಗೆಯುವಂತಹ ಕೆಲವು ಕೆಲಸಗಳನ್ನು ಬಿಟ್ಟು, ಸವರುವುದಕ್ಕೂ ಲಿಖಿತ ಒಪ್ಪಿಗೆ ಬೇಕು. ಆದೇಶವಿಲ್ಲದಿದ್ದರೂ ಮಹಲು ಸಂರಕ್ಷಿತ ಪ್ರದೇಶದೊಳಗಿದ್ದರೆ (ಅಂದರೆ ವಾಸ್ತುಶಿಲ್ಪ ಅಥವಾ ಇತಿಹಾಸದ ಮಹತ್ವಕ್ಕಾಗಿ ಗುರುತಿಸಿದ ಪ್ರದೇಶ) ಮರ ಕಡಿಯುವ ಅಥವಾ ಸವರುವ 6 ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು. ಇದು ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ 75 ಮಿ.ಮೀ. ಮೀರಿದ ಮರಗಳಿಗೆ ಅನ್ವಯಿಸುತ್ತದೆ. ಅಂದರೆ ಟೇಪು ಸುತ್ತಿ ನೋಡಿದಾಗ ಸುಮಾರು 24 ಸೆಂ.ಮೀ. ಬರುವ ಎಳೆಯ ಮರವೂ ಸೇರುತ್ತದೆ.

ನನ್ನ ದೃಷ್ಟಿಯಲ್ಲಿ ಮೊದಲು ಓದಬೇಕಾದುದು ಆಸ್ತಿಯ ಯೋಜನಾ ಇತಿಹಾಸ, ಅಂದರೆ ಅಲ್ಲಿ ಕಟ್ಟಲು, ಮಾರ್ಪಡಿಸಲು ಹಿಂದೆ ಹಾಕಿದ ಅರ್ಜಿಗಳು ಹಾಗೂ ಸಿಕ್ಕ ಅನುಮತಿಗಳ ದಾಖಲೆ. ಹಿಂದೆಂದೋ ಲಾಯವನ್ನು ವಾಸದ ಮನೆಯಾಗಿ ಮಾರ್ಪಡಿಸಲು ಕೊಟ್ಟ ಅನುಮತಿಪತ್ರದಲ್ಲಿ ಇಂತಿಂಥ ಮರಗಳನ್ನು ಉಳಿಸಿಕೊಳ್ಳಬೇಕೆಂಬ ಷರತ್ತು ಅಡಗಿರಬಹುದು. ಕೌನ್ಸಿಲ್‌ನ ಯೋಜನಾ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು.

ಆದರೆ ಕಡಿಯದೆ ಬಿಟ್ಟ ಮಾತ್ರಕ್ಕೆ ಉದ್ಯಾನ ಉಳಿಯುವುದಿಲ್ಲ. ಒಂದೇ ಕಾಲದಲ್ಲಿ ನೆಟ್ಟ ಸಾಲುಮರಗಳು ಒಟ್ಟಿಗೇ ಮುಪ್ಪಾಗುತ್ತವೆ. 1987ರ ಅಕ್ಟೋಬರ್ 16ರ ಬಿರುಗಾಳಿಗೆ ಸಸೆಕ್ಸ್‌ನ ವೇಕ್‌ಹರ್ಸ್ಟ್ ಮಹಲಿನ ಆವರಣವೊಂದರಲ್ಲೇ ಸುಮಾರು 20,000 ಮರಗಳು ನೆಲಕ್ಕುರುಳಿದವು. ಆದ್ದರಿಂದ ಕಡಿಯಲು ಅರ್ಜಿ ಹಾಕುವಾಗಲೇ ಆ ಜಾಗದಲ್ಲಿ ಯಾವ ಸಸಿ, ಯಾವ ವರ್ಷ ನೆಡಲಾಗುವುದು ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ ಕೊಡುವುದು ಒಳ್ಳೆಯದು.